ಶುದ್ಧಿ ಮಾಡಿದ ಮೇಲೆ ಎಂಜಿನ್ನು ತಡವರಿಸಿದರೆ: ನೀರೆತ್ತುವ ಡೀಸಲ್ ಎಂಜಿನ್ನಿನ ಗಾಳಿಯ ಮಾರ್ಗವೂ ಅದರ ದೋಷಗಳ ಪರೀಕ್ಷೆಯೂ

ಪೀಠಿಕೆ

ಬಾವಿ, ಹಳ್ಳ, ಕಾಲುವೆಗಳ ನೀರನ್ನು ಎತ್ತಿ ಪೈರಿಗೆ ಹಾಯಿಸುವ ಕೆಲಸವು ಪೂರ್ವದಲ್ಲಿ ಕಪಿಲೆ ಏತಗಳಿಂದ ನಡೆಯುತ್ತಿದ್ದಿತು. ವಿದ್ಯುಚ್ಛಕ್ತಿಯ ತಂತಿಯು ಮುಟ್ಟದ ಜಮೀನುಗಳಲ್ಲಿಯೂ, ತಂತಿಯು ಮುಟ್ಟಿದ್ದರೂ ಶಕ್ತಿಯು ನಿಂತುಹೋಗುವ ವೇಳೆಗಳಲ್ಲಿಯೂ, ಆ ಭಾರವನ್ನು ಹೊರತಕ್ಕದ್ದು ಡೀಸಲ್ ಎಂಜಿನ್ನು. ಇಂತಹ ಎಂಜಿನ್ನನ್ನು ಕಾಲಕಾಲಕ್ಕೆ ಬಿಚ್ಚಿ ಶುದ್ಧಿ ಮಾಡತಕ್ಕದ್ದೆಂಬುದನ್ನು ರೈತರು ಬಲ್ಲರು. ಆದರೆ ಶುದ್ಧಿ ಮಾಡಿದ ದಿನವೇ ಎಂಜಿನ್ನು ಮೊದಲಿಗಿಂತ ಕೆಟ್ಟದಾಗಿ ನಡೆಯುವುದೂ, ತಡವರಿಸುವುದೂ, ಹೊಗೆ ಕಾರುವುದೂ ಅಪರೂಪವಲ್ಲ. ಹಾಗಾದಾಗ ಗಾಬರಿಗೊಂಡು ಕಂಡ ಕಂಡ ಸ್ಕ್ರೂಗಳನ್ನು ತಿರುಗಿಸುವುದರಿಂದ ಅಲ್ಪ ದೋಷವು ದೊಡ್ಡ ನಷ್ಟವಾಗಿ ಪರಿಣಮಿಸುವುದು. ದೋಷವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

ಒಂದು ದೃಷ್ಟಾಂತ

ಕಾಲುವೆಯ ಕೊನೆಯಲ್ಲಿ ನಾಲ್ಕು ಎಕರೆ ಗದ್ದೆಯುಳ್ಳ ಒಬ್ಬ ಜಮೀನುದಾರರ ಭತ್ತವು ಹೊಡೆ ತುಂಬಿ ನಿಂತಿದ್ದಿತು. ಕಾಲುವೆಯ ನೀರು ಕಡಿಮೆಯಾದ ಕಾರಣ ಹಳ್ಳದಿಂದ ನೀರೆತ್ತಬೇಕಾಗಿ ಬಂದಿತು. ಕೆಲಸಕ್ಕೆ ಮುಂಚೆ ಎಂಜಿನ್ನು ಶುದ್ಧವಾಗಿರಲೆಂದು ಅವರು ಗಾಳಿ ಸೋಸುವ ಡಬ್ಬಿಯನ್ನೂ, ಅದರಿಂದ ಸಿಲಿಂಡರಿಗೆ ಹೋಗುವ ಕೊಳವೆಯನ್ನೂ ಬಿಚ್ಚಿಸಿ ತೊಳೆಯಿಸಿದರು. ಮತ್ತೆ ಜೋಡಿಸಿ ನಡೆಯಿಸಿದಾಗ ಎಂಜಿನ್ನು ನಡುಗುತ್ತ ಕಪ್ಪು ಹೊಗೆಯನ್ನು ಕಾರಿತು. ಪಂಪಿನ ನೀರು ಅರ್ಧಕ್ಕೆ ಇಳಿಯಿತು. ಆಳು ಗವರ್ನರಿನ ನಟ್ಟನ್ನು ತಿರುಗಿಸಿದನು, ಹೊಗೆಯು ಹೆಚ್ಚಿತು. ನೆರೆಯವರ ಮಾತಿನಂತೆ ನಾಜಲನ್ನು ಬಿಚ್ಚಿ ಪೇಟೆಗೆ ಕಳುಹಿಸಿದರು. ಅದು ಹಿಂದಿರುಗುವ ಹೊತ್ತಿಗೆ ಮೂರು ದಿವಸಗಳು ಕಳೆದು ಗದ್ದೆಯು ಬಿರುಕುಬಿಟ್ಟಿತ್ತು. ಎಂಜಿನ್ನು ಮಾತ್ರ ಹಾಗೆಯೇ ಇದ್ದಿತು. ಕೊನೆಗೆ ಫಿಟ್ಟರನು ಬಂದು ಒಳಗಾಳಿಯ ಕೊಳವೆಯನ್ನು ಬಿಚ್ಚಿದನು. ಬಿಚ್ಚಿದ್ದ ಕಾಲದಲ್ಲಿ ಕಸ ಬೀಳದಿರಲೆಂದು ತುರುಕಿದ್ದ ಅಂಗೈಯಗಲದ ಹಳೆಯ ಬಟ್ಟೆಯು ಅದರೊಳಗೇ ಉಳಿದಿತ್ತು. ಅದನ್ನು ತೆಗೆಯಲು ಹಿಡಿದ ಕಾಲವು ಹತ್ತು ನಿಮಿಷ. ತಿರುಗಿಸಿ ಕೆಡಿಸಿದ್ದ ಗವರ್ನರನ್ನು ಸರಿಪಡಿಸಲು ಹಿಡಿದದ್ದು ಅರ್ಧ ದಿವಸ.

ಈ ದೃಷ್ಟಾಂತದಿಂದ ತಿಳಿಯತಕ್ಕ ನಿಯಮವು ಒಂದೇ. ಶುದ್ಧಿಗೆ ಮುಂಚೆ ಸರಿಯಾಗಿದ್ದ ಎಂಜಿನ್ನು ಶುದ್ಧಿಯ ತರುವಾಯ ಕೆಟ್ಟರೆ, ದೋಷವು ಬಹುಮಟ್ಟಿಗೆ ಕೈ ತಾಗಿದ ಜಾಗದಲ್ಲಿಯೇ ಇರುವುದು. ಕೊನೆಯಲ್ಲಿ ಮುಟ್ಟಿದ್ದನ್ನು ಮೊದಲು ನೋಡತಕ್ಕದ್ದು. ಮುಟ್ಟದೆ ಇದ್ದುದನ್ನು ಮುಟ್ಟಕೂಡದು.

ಗಾಳಿಯ ಅಗತ್ಯವೆಷ್ಟು

ಡೀಸಲ್ ಎಂಜಿನ್ನಿಗೆ ಎಣ್ಣೆಯಷ್ಟೇ ಗಾಳಿಯೂ ಆಹಾರವು. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದಲ್ಲಿ ರುಡಾಲ್ಫ್ ಡೀಸಲ್ ಎಂಬ ಎಂಜಿನಿಯರು ನಡೆಯಿಸಿ ತೋರಿದ ಯಂತ್ರದ ತತ್ವವೇ ಇಂದಿನ ಎಂಜಿನ್ನುಗಳಲ್ಲಿಯೂ ಇರುವುದು. ಪಿಸ್ಟನ್ನು ಕೆಳಗಿಳಿಯುವಾಗ ಒಳವಾಲ್ವು ತೆರೆದು ಬರಿಯ ಗಾಳಿಯು ಸಿಲಿಂಡರನ್ನು ತುಂಬುವುದು. ಪಿಸ್ಟನ್ನು ಮೇಲೇರುವಾಗ ಎರಡು ವಾಲ್ವುಗಳೂ ಮುಚ್ಚಿದ್ದು, ಆ ಗಾಳಿಯು ತನ್ನ ಗಾತ್ರದ ಸುಮಾರು ಹದಿನಾರನೆಯ ಒಂದು ಪಾಲಿಗೆ ಒತ್ತಲ್ಪಟ್ಟು, 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುವುದು. ಆಗ ನಾಜಲಿನಿಂದ ತುಂತುರಾಗಿ ಸಿಡಿದ ಎಣ್ಣೆಯು ಯಾವ ಕಿಡಿಯ ಸಹಾಯವೂ ಇಲ್ಲದೆ ಹತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು. ಪಿಸ್ಟನ್ನು ಮತ್ತೆ ಮೇಲೇರುವಾಗ ಹೊಗೆವಾಲ್ವಿನ ಮೂಲಕ ಹೊಗೆಯು ಹೊರಗೆ ಹೋಗುವುದು. ಆದುದರಿಂದ ಗಾಳಿಯು ಸಾಕಷ್ಟು ಬಾರದಿದ್ದರೆ ಎಣ್ಣೆಯು ಪೂರ್ಣವಾಗಿ ಉರಿಯದು. ಬಂದ ಗಾಳಿಯು ವಾಲ್ವಿನಲ್ಲಿ ಸೋರಿಹೋದರೆ ಎಣ್ಣೆಯು ಹತ್ತಿಕೊಳ್ಳುವಷ್ಟು ಕಾವೇ ಹುಟ್ಟದು.

ಸಿಲಿಂಡರಿನ ವ್ಯಾಸ 80 ಮಿಲಿಮೀಟರ್, ಪಿಸ್ಟನ್ನಿನ ನಡೆ 110 ಮಿಲಿಮೀಟರ್ ಇರುವ ಒಂದು ಎಂಜಿನ್ನನ್ನು ತೆಗೆದುಕೊಳ್ಳೋಣ. ಅದು ಒಂದು ಸಾರಿ ಉಸಿರೆಳೆದರೆ ಸಿಲಿಂಡರಿನಲ್ಲಿ ಅರ್ಧ ಲೀಟರಿಗಿಂತ ತುಸು ಹೆಚ್ಚು ಸ್ಥಳವು ತೆರೆಯುವುದು. ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಉಸಿರೆಳೆಯುವುದು 750 ಸಾರಿ. ಗಂಟೆಗೆ 45,000 ಸಾರಿ. ಪ್ರತಿ ಸಾರಿಯೂ ಪೂರ್ಣವಾಗಿ ತುಂಬದೆಂದು ಲೆಕ್ಕದಲ್ಲಿ ಕಳೆದರೂ, ಗಂಟೆಯೊಂದಕ್ಕೆ ಸುಮಾರು 20,000 ಲೀಟರು ಗಾಳಿಯು ಆ ಕೊಳವೆಯಲ್ಲಿ ಹಾದುಹೋಗುವುದು. ಕಣದ ಹೊಟ್ಟು, ದಾರಿಯ ಧೂಳು, ಉತ್ತ ಹೊಲದ ಮಣ್ಣು, ಇವೆಲ್ಲವೂ ಆ ಗಾಳಿಯೊಡನೆ ಬರುವುವು. ಇವನ್ನು ತಡೆಯುವುದಕ್ಕಾಗಿಯೇ ಏರ್ ಕ್ಲೀನರ್ ಎಂಬ ಗಾಳಿ ಸೋಸುವ ಡಬ್ಬಿಯನ್ನು ಇಟ್ಟಿರುವುದು.

ಪರೀಕ್ಷೆಗೆ ಮುಂಚಿನ ಎಚ್ಚರಿಕೆಗಳು

ಎಂಜಿನ್ನನ್ನು ನಿಲ್ಲಿಸಿ, ಅದು ಆರಿದ ಮೇಲೆಯೇ ಕೈಯಿಕ್ಕತಕ್ಕದ್ದು. ಹೆಗಲ ಮೇಲಿನ ವಸ್ತ್ರವನ್ನು ತೆಗೆದಿಟ್ಟು, ಪಂಚೆಯನ್ನು ಎತ್ತಿ ಕಟ್ಟಿ, ಬೆಲ್ಟಿನಿಂದಲೂ ಫ್ಲೈವೀಲಿನಿಂದಲೂ ದೂರವಿರಿಸಬೇಕು. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ನನ್ನು ನಡೆಯಿಸಕೂಡದು. ಅದರ ಹೊಗೆಯಲ್ಲಿರುವ ವಿಷಗಾಳಿಯು ಬಣ್ಣ ವಾಸನೆಗಳಿಲ್ಲದೆಯೇ ಮನುಷ್ಯನನ್ನು ಕೊಲ್ಲಬಲ್ಲದು. ನೆಲದ ಮೇಲೆ ಒಂದು ಚೊಕ್ಕಟವಾದ ಗೋಣಿಯನ್ನು ಹಾಸಿ, ಬಿಚ್ಚಿದ ನಟ್ಟು, ವಾಷರು, ಗ್ಯಾಸ್ಕೆಟ್ಟುಗಳನ್ನು ಬಿಚ್ಚಿದ ಸಾಲಿನಲ್ಲಿಯೇ ಜೋಡಿಸಿಡಬೇಕು. ಜೋಡಿಸುವಾಗ ಒಂದು ವಾಷರು ಲೆಕ್ಕಕ್ಕೆ ಸಿಕ್ಕದಿದ್ದರೆ, ಅದು ಎಲ್ಲಿರುವುದೆಂದು ತಿಳಿಯುವವರೆಗೆ ಎಂಜಿನ್ನನ್ನು ತಿರುಗಿಸಕೂಡದು.

ದೋಷದ ಗುರುತುಗಳು

1. ಕಪ್ಪು ಹೊಗೆ, ಶಕ್ತಿ ಕುಂದುವುದು. ಇದು ಗಾಳಿಯ ಕೊರತೆಯ ಗುರುತು. ಕೊಳವೆಯಲ್ಲಿ ಉಳಿದ ಬಟ್ಟೆ, ಮಡಿಸಿಕೊಂಡ ರಬ್ಬರ್ ಕೊಳವೆ, ಎಣ್ಣೆ ಮಣ್ಣುಗಳಿಂದ ಕಟ್ಟಿಹೋದ ಜಾಲರಿ, ಇವನ್ನು ಕ್ರಮವಾಗಿ ನೋಡಬೇಕು. ಕಾಗದದ ಸೋಸುಗವುಳ್ಳ ಡಬ್ಬಿಯಾದರೆ ಅದನ್ನು ಎಂದಿಗೂ ತೊಳೆಯಕೂಡದು. ಒದ್ದೆಯಾದ ಕಾಗದವು ಗಾಳಿಯನ್ನು ತಡೆಯುವುದು, ಇಲ್ಲವೆ ಹರಿದು ಧೂಳನ್ನು ಒಳಕ್ಕೆ ಬಿಡುವುದು. ಅದನ್ನು ಮೆಲ್ಲಗೆ ತಟ್ಟಿ ಧೂಳನ್ನು ಉದುರಿಸಬಹುದು. ಅದಕ್ಕೂ ಸರಿಹೋಗದಿದ್ದರೆ ಹೊಸದನ್ನು ಹಾಕತಕ್ಕದ್ದು. ಸಂಶಯ ತೀರದಿದ್ದಲ್ಲಿ, ಧೂಳಡಗಿರುವ ಮುಂಜಾನೆಯಲ್ಲಿ ಡಬ್ಬಿಯನ್ನು ತೆಗೆದು, ಸುತ್ತಲೂ ಬಟ್ಟೆ ಹುಲ್ಲು ಕಡ್ಡಿಗಳು ಇಲ್ಲದಂತೆ ನೋಡಿ, ಒಂದು ನಿಮಿಷ ಮಾತ್ರ ಎಂಜಿನ್ನನ್ನು ನಡೆಯಿಸಬಹುದು. ಹೊಗೆಯು ತಿಳಿಯಾದರೆ ದೋಷವು ಡಬ್ಬಿಯಲ್ಲಿದೆ. ತಿಳಿಯಾಗದಿದ್ದರೆ ಮುಂದಿನ ಕೊಳವೆಯಲ್ಲಿ ನೋಡಬೇಕು.

2. ನೀಲಿ ಹೊಗೆ, ತಾನಾಗಿ ವೇಗ ಹೆಚ್ಚುವುದು. ಇದು ಅತ್ಯಂತ ಅಪಾಯದ ಗುರುತು. ಎಣ್ಣೆಯ ತೊಟ್ಟಿಯುಳ್ಳ ಡಬ್ಬಿಯಲ್ಲಿ ಗೆರೆಯನ್ನು ಮೀರಿ ಎಣ್ಣೆ ಹೊಯ್ದಿದ್ದರೆ, ಅಥವಾ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಸಿಯಲು ಬಿಡದೆ ಒದ್ದೆಯಾಗಿಯೇ ಕೂರಿಸಿದ್ದರೆ, ಎಂಜಿನ್ನು ಗಾಳಿಯೊಡನೆ ಆ ಎಣ್ಣೆಯನ್ನೂ ಹೀರಿಕೊಂಡು ಉರಿಸುವುದು. ಈ ಎಣ್ಣೆಯು ಫ್ಯುಯಲ್ ಪಂಪಿನ ಮೂಲಕ ಬಾರದೆ ಇರುವುದರಿಂದ ಗವರ್ನರಿನ ಹಿಡಿತಕ್ಕೆ ಸಿಕ್ಕದು. ಡೀಸಲನ್ನು ನಿಲ್ಲಿಸಿದರೂ ಎಂಜಿನ್ನು ನಿಲ್ಲದೆ ಹೋಗಬಹುದು. ಆಗ ಡೀಸಲಿನ ನಲ್ಲಿಯನ್ನು ಮುಚ್ಚಿ, ದಪ್ಪವಾದ ಮರದ ಹಲಗೆಯಿಂದ ಗಾಳಿಯ ಬಾಯನ್ನು ಒತ್ತಿ ಮುಚ್ಚತಕ್ಕದ್ದು. ಬರಿಗೈಯನ್ನಾಗಲಿ ಸಡಿಲವಾದ ಬಟ್ಟೆಯನ್ನಾಗಲಿ ಒಡ್ಡಕೂಡದು. ಎಂಜಿನ್ನು ಅದನ್ನು ಒಳಕ್ಕೆ ಎಳೆದುಕೊಳ್ಳುವುದು. ಬಾಯಿಯ ಸಮೀಪಕ್ಕೆ ಹೋಗಲು ಸಾಧ್ಯವಿಲ್ಲದಷ್ಟು ವೇಗವಾಗಿದ್ದರೆ ಎಲ್ಲರೂ ಫ್ಲೈವೀಲಿನ ನೇರವನ್ನು ಬಿಟ್ಟು ದೂರ ಸರಿಯಬೇಕು. ಇಂತಹ ಹಲಗೆಯೊಂದನ್ನು ಪಂಪಿನ ಮನೆಯಲ್ಲಿ ಯಾವಾಗಲೂ ಇಟ್ಟಿರುವುದು ವಿವೇಕವು.

3. ಬಿಳಿ ಹೊಗೆ, ಹೊಡೆತ ತಪ್ಪುವುದು. ಎಣ್ಣೆಯು ಸಿಡಿದರೂ ಹತ್ತಿಕೊಳ್ಳದೆ ಆವಿಯಾಗಿ ಹೋಗುತ್ತಿದೆಯೆಂಬುದು ಇದರ ಅರ್ಥ. ತಣ್ಣಗಿರುವ ಎಂಜಿನ್ನಿನಲ್ಲಿ ಮೊದಲ ಕೆಲವು ನಿಮಿಷ ಹೀಗಾಗುವುದು ಸಹಜ. ಕಾದ ಮೇಲೆಯೂ ಮುಂದುವರಿದರೆ ಒಳವಾಲ್ವು ಪೂರ್ಣವಾಗಿ ಮುಚ್ಚಿಕೊಳ್ಳುತ್ತಿಲ್ಲವೆಂದು ಸಂಶಯಪಡಬೇಕು. ಕೊಳವೆಯ ಒಳಗೋಡೆಯ ಕಿಟ್ಟವನ್ನು ಕೆರೆದಾಗ ಅದರ ಚೂರು ಜಾರಿ ವಾಲ್ವಿಗೂ ಅದರ ಪೀಠಕ್ಕೂ ನಡುವೆ ಸಿಕ್ಕಿಕೊಂಡಿರಬಹುದು. ವಾಲ್ವಿನ ಮೇಲಣ ಮುಚ್ಚಳವನ್ನು ತೆಗೆದು ಟ್ಯಾಪೆಟ್ಟನ್ನು ಯಾರಾದರೂ ತಿರುಗಿಸಿದ್ದರೆ, ಅಲ್ಲಿರಬೇಕಾದ ಎಡೆಯು ಇಲ್ಲದೆ ಹೋಗಿ ವಾಲ್ವು ಯಾವಾಗಲೂ ತುಸು ತೆರೆದೇ ಇರಬಹುದು. ಡಿಕಂಪ್ರೆಷನ್ ಲಿವರು ಪೂರ್ಣವಾಗಿ ತನ್ನ ಸ್ಥಾನಕ್ಕೆ ಬಾರದಿದ್ದರೂ ಫಲವು ಇದೇ.

4. ಉಯ್ಯಾಲೆಯಂತೆ ವೇಗವು ಏರಿ ಇಳಿಯುವುದು. ಗಾಳಿಯ ಡಬ್ಬಿಯನ್ನು ಬಿಚ್ಚುವುದಕ್ಕೆ ಅಡ್ಡವಾಯಿತೆಂದು ಡೀಸಲ್ ಟ್ಯಾಂಕನ್ನಾಗಲಿ ಅದರ ನಳಿಗೆಯನ್ನಾಗಲಿ ಸಡಿಲಿಸಿದ್ದರೆ, ಡೀಸಲಿನ ಮಾರ್ಗದಲ್ಲಿ ಗಾಳಿಯ ಗುಳ್ಳೆಗಳು ಸೇರಿರುವುವು. ಗಾಳಿಯಿರಬೇಕಾದ ಕಡೆ ಎಣ್ಣೆಯೂ, ಎಣ್ಣೆಯಿರಬೇಕಾದ ಕಡೆ ಗಾಳಿಯೂ ಎಂಜಿನ್ನಿಗೆ ಹಗೆಗಳು. ಟ್ಯಾಂಕಿನಲ್ಲಿ ಸಾಕಷ್ಟು ಡೀಸಲ್ ಇರುವುದನ್ನು ನೋಡಿಕೊಂಡು, ಮೊದಲು ಡೀಸಲ್ ಫಿಲ್ಟರಿನ, ತರುವಾಯ ಫ್ಯುಯಲ್ ಪಂಪಿನ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ, ಗುಳ್ಳೆಗಳು ನಿಂತು ಎಡೆಬಿಡದ ಧಾರೆಯು ಬರುವವರೆಗೆ ಹರಿಯಬಿಟ್ಟು ಬಿಗಿಯಬೇಕು. ಪಂಪು ನೀರಿನ ಬದಲು ಗಾಳಿಯನ್ನು ಎಳೆಯುತ್ತಿದ್ದರೂ ಭಾರವು ಏರುಪೇರಾಗಿ ಎಂಜಿನ್ನು ಹೀಗೆಯೇ ನಡೆಯುವುದು. ಆದುದರಿಂದ ಫುಟ್‌ವಾಲ್ವು ನೀರಿನಲ್ಲಿ ಮುಳುಗಿದೆಯೇ ಎಂಬುದನ್ನೂ ನೋಡಬೇಕು.

5. ಲೋಹವು ಲೋಹಕ್ಕೆ ಬಡಿದ ಸದ್ದು. ಇದನ್ನು ಕೇಳಿದ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು. ವಾಷರೋ ನಟ್ಟೋ ಸಿಲಿಂಡರಿಗೆ ಬಿದ್ದಿರುವ ಸಂಭವವಿದೆ. ಇಲ್ಲಿ ಮಾತ್ರ ಸ್ವಂತ ಪರೀಕ್ಷೆಯನ್ನು ಮಾಡದೆ ಫಿಟ್ಟರನನ್ನು ಕರೆಯಿಸತಕ್ಕದ್ದು.

ಕೈಯಿಂದ ತಿರುಗಿಸಿ ನೋಡುವ ಪರೀಕ್ಷೆ

ವಾಲ್ವಿನ ಸೋರಿಕೆಯನ್ನು ಹಣ ಖರ್ಚಿಲ್ಲದೆ ತಿಳಿಯುವ ಒಂದು ಉಪಾಯವುಂಟು. ಡೀಸಲನ್ನು ಮುಚ್ಚಿ, ಡಿಕಂಪ್ರೆಷನ್ ಲಿವರನ್ನು ಕೆಲಸದ ಸ್ಥಾನದಲ್ಲಿಟ್ಟು, ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಎರಡು ಸುತ್ತಿಗೆ ಒಂದು ಸಾರಿ ಅದು ಗಟ್ಟಿಯಾಗಿ ಎದುರೊತ್ತಿ ನಿಲ್ಲತಕ್ಕದ್ದು. ಆ ಸ್ಥಾನದಲ್ಲಿ ಒತ್ತಿ ಹಿಡಿದಾಗ ಎದುರೊತ್ತು ಬೇಗನೆ ಸಡಿಲಿದರೆ ಗಾಳಿಯು ಎಲ್ಲಿಯೋ ಸೋರುತ್ತಿದೆ. ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಗಾಳಿಯ ಕೊಳವೆಯ ಬಾಯಲ್ಲಿ ಬುಸುಗುಟ್ಟಿದರೆ ಒಳವಾಲ್ವಿನ ದೋಷ. ಸೈಲೆನ್ಸರಿನ ಕಡೆ ಬುಸುಗುಟ್ಟಿದರೆ ಹೊಗೆವಾಲ್ವಿನ ದೋಷ. ಎಂಜಿನ್ ಆಯಿಲ್ ಹೊಯ್ಯುವ ಬಾಯಲ್ಲಿ ಕೇಳಿಬಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಒಳವಾಲ್ವಿನ ದೋಷವಾದರೆ ಮೊದಲು ಟ್ಯಾಪೆಟ್ಟಿನ ಎಡೆಯನ್ನು, ಕಾರ್ಖಾನೆಯವರ ಪುಸ್ತಕದಲ್ಲಿ ಹೇಳಿರುವಷ್ಟು ಇದೆಯೇ ಎಂದು ಎಂಜಿನ್ನು ಆರಿರುವಾಗ ಅಳೆಯಬೇಕು. ಎಡೆಯು ಸರಿಯಾಗಿದ್ದೂ ಸೋರಿಕೆಯು ನಿಲ್ಲದಿದ್ದರೆ ಸಿಲಿಂಡರಿನ ತಲೆಯನ್ನು ಬಿಚ್ಚುವ ಕೆಲಸವಾಗುವುದು. ಅದು ಫಿಟ್ಟರನಿಗೆ ಸೇರಿದ್ದು.

ಗುರುತು ತೋರದ ದೋಷ

ಮೇಲೆ ಹೇಳಿದ ದೋಷಗಳೆಲ್ಲವೂ ತಾವಾಗಿಯೇ ಕೂಗಿ ಹೇಳುವಂತಹವು. ಇವೆಲ್ಲಕ್ಕಿಂತಲೂ ಹೆಚ್ಚು ಹಾನಿಯನ್ನು ಮಾಡುವ ಒಂದು ದೋಷವು ಮೌನವಾಗಿರುವುದು. ಡಬ್ಬಿಗೂ ಸಿಲಿಂಡರಿಗೂ ನಡುವೆ ಗ್ಯಾಸ್ಕೆಟ್ಟು ಹರಿದಿದ್ದರೆ, ಕೊಳವೆಯ ಕ್ಲಿಪ್ಪು ಸಡಿಲವಾಗಿದ್ದರೆ, ಅಲ್ಲಿ ಸೋಸದ ಗಾಳಿಯು ನುಗ್ಗುವುದು.

ಕಾರ್ಬ್ಯುರೇಟರುಳ್ಳ ಸೀಮೆಎಣ್ಣೆ ಎಂಜಿನ್ನಿನಲ್ಲಿಯಾದರೆ, ಹೀಗೆ ಕಾರ್ಬ್ಯುರೇಟರಿನ ಮುಂದೆ ನುಗ್ಗಿದ ಗಾಳಿಯು ಎಣ್ಣೆ ಗಾಳಿಗಳ ಮಿಶ್ರಣವನ್ನು ತೆಳ್ಳಗೆ ಮಾಡುವುದು. ಎಂಜಿನ್ನು ಕೂಡಲೇ ತಡವರಿಸುವುದು, ಕಾರ್ಬ್ಯುರೇಟರಿನಲ್ಲಿ ಪಟಪಟನೆ ಸಿಡಿಯುವುದು. ಚೋಕನ್ನು ಸ್ವಲ್ಪ ಮುಚ್ಚಿದರೆ ತುಸು ಸರಿಹೋಗುವುದು. ಹೀಗಾಗಿ ಅಲ್ಲಿ ದೋಷವು ಬೇಗ ಸಿಕ್ಕಿಬೀಳುವುದು. ಡೀಸಲ್ ಎಂಜಿನ್ನಿನಲ್ಲಿ ಹಾಗಲ್ಲ. ಅಲ್ಲಿ ಎಣ್ಣೆಯು ಬೇರೆ ದಾರಿಯಿಂದ ಬರುವ ಕಾರಣ, ಗಾಳಿಯು ಎಲ್ಲಿಂದ ಬಂದರೂ ಎಂಜಿನ್ನು ಸುಖವಾಗಿಯೇ ಓಡುವುದು. ಆದರೆ ಗಾಳಿಯೊಡನೆ ಬಂದ ಮರಳಿನ ನುಣುಪಾದ ಕಣಗಳು ಎಂಜಿನ್ ಆಯಿಲಿನಲ್ಲಿ ಬೆರೆತು, ಸಾಣೆಯ ಪುಡಿಯಂತೆ ಸಿಲಿಂಡರನ್ನೂ ರಿಂಗುಗಳನ್ನೂ ತೇಯುವುವು. ಒಂದು ಸಣ್ಣ ಕಾಗದದ ಗ್ಯಾಸ್ಕೆಟ್ಟಿನ ಬೆಲೆಯನ್ನು ಉಳಿಸಿದವರು ಸಿಲಿಂಡರಿನ ಬೆಲೆಯನ್ನು ತೆರಬೇಕಾಗುವುದು. ಆದುದರಿಂದ ಎಂಜಿನ್ನು ಚೆನ್ನಾಗಿ ಓಡುತ್ತಿದೆಯೆಂಬ ಒಂದೇ ಕಾರಣದಿಂದ ಜೋಡಣೆಯು ಸರಿಯಾಗಿದೆಯೆಂದು ತಿಳಿಯಕೂಡದು.

ಇದನ್ನು ಕಂಡುಹಿಡಿಯಲು, ಎಂಜಿನ್ನು ಓಡುತ್ತಿರುವಾಗ ತಿರುಗುವ ಭಾಗಗಳಿಂದ ದೂರವಿರುವ ಸಂದುಗಳಿಗೆ, ಉದ್ದನೆಯ ಹಿಡಿಯ ಕುಂಚದಿಂದ ಸೋಪಿನ ನೊರೆಯನ್ನು ಹಚ್ಚಬೇಕು. ನೊರೆಯು ಒಳಕ್ಕೆ ಎಳೆಯಲ್ಪಟ್ಟು ಮಾಯವಾದ ಕಡೆ ಸಂದು ಬಿಟ್ಟಿದೆ. ದೀಪವನ್ನಾಗಲಿ ಪೆಟ್ರೋಲನ್ನಾಗಲಿ ಈ ಪರೀಕ್ಷೆಗೆ ಎಂದಿಗೂ ಉಪಯೋಗಿಸಕೂಡದು. ಕೆಲವು ದಿವಸಗಳ ತರುವಾಯ ಕೊಳವೆಯನ್ನು ಬಿಚ್ಚಿ ಒಳಗೆ ಬೆರಳಾಡಿಸಿದಾಗ ಧೂಳು ಅಂಟಿದರೆ, ಅದೂ ಸೋರಿಕೆಯ ಸಾಕ್ಷಿಯೇ.

ಶುದ್ಧಿಯ ಸರಿಯಾದ ಕ್ರಮ

ಗಾಳಿಯಿಲ್ಲದ, ನೆರಳಿರುವ ಸ್ಥಳದಲ್ಲಿ ಕೆಲಸವನ್ನು ಮಾಡಬೇಕು. ಡಬ್ಬಿಯನ್ನು ಬಿಚ್ಚುವ ಮುಂಚೆ ಅದರ ಮೇಲಿನ ಧೂಳನ್ನು ಒರಸಬೇಕು. ಬಿಚ್ಚಿದ ಕೂಡಲೆ ಸಿಲಿಂಡರಿನ ಕಡೆಯ ಬಾಯನ್ನು ಮುಚ್ಚತಕ್ಕದ್ದು. ಆದರೆ ಬಟ್ಟೆಯನ್ನು ಒಳಕ್ಕೆ ತುರುಕದೆ, ಹೊರಗಿನಿಂದ ಹೊದಿಸಿ ದಾರದಿಂದ ಕಟ್ಟಬೇಕು. ಕಟ್ಟಿದ ಬಟ್ಟೆಯು ಕಣ್ಣಿಗೆ ಕಾಣುವುದು, ತುರುಕಿದ ಬಟ್ಟೆಯು ಮರೆತುಹೋಗುವುದು. ತೊಟ್ಟಿಯ ಹಳೆಯ ಎಣ್ಣೆಯನ್ನು ಚೆಲ್ಲಿ, ತಳದ ಕೆಸರನ್ನು ಕೆರೆದು ತೆಗೆಯಬೇಕು. ಆ ಎಣ್ಣೆಯು ಬಾವಿಗಾಗಲಿ ಕಾಲುವೆಗಾಗಲಿ ಸೇರಕೂಡದು. ಜಾಲರಿಯನ್ನು ಸೀಮೆಎಣ್ಣೆಯಲ್ಲಿಯೋ ಡೀಸಲಿನಲ್ಲಿಯೋ ಜಾಲಾಡಿ, ತೊಟ್ಟಿಕ್ಕುವುದು ನಿಂತು ಪೂರ್ಣವಾಗಿ ಬಸಿಯುವವರೆಗೆ ತೂಗುಹಾಕಬೇಕು. ಪೆಟ್ರೋಲನ್ನು ಉಪಯೋಗಿಸಕೂಡದು. ತೊಟ್ಟಿಗೆ, ಎಂಜಿನ್ನಿಗೆ ಹಾಕುವ ಜಾತಿಯ ಹೊಸ ಎಂಜಿನ್ ಆಯಿಲನ್ನೇ ಗೆರೆಯವರೆಗೆ ಹೊಯ್ಯಬೇಕು. ಗೆರೆಗೆ ಮೇಲೆಯೂ ಬೇಡ, ಕೆಳಗೆಯೂ ಬೇಡ. ಹರಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಕೂಡದು. ನಟ್ಟುಗಳನ್ನು ಒಂದೊಂದಾಗಿ ಕೊನೆಮುಟ್ಟ ಬಿಗಿಯದೆ, ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ, ಹ್ಯಾಂಡಲನ್ನು ಹಿಡಿಯುವ ಮುಂಚೆ, ಕೈಯಿಂದ ಎರಡು ಸುತ್ತು ತಿರುಗಿಸಿ ಏನೂ ತಡೆಯದೆಂದು ನೋಡಿಕೊಳ್ಳತಕ್ಕದ್ದು.

ಪೈರು ನೀರಿಗಾಗಿ ಕಾದಿರುವ ವಾರದಲ್ಲಿ ಈ ಕೆಲಸವನ್ನು ಹಚ್ಚಿಕೊಳ್ಳಕೂಡದು. ನಾಟಿಗೆ ಮುಂಚೆ ಬಿಡುವಿನ ದಿನಗಳಲ್ಲಿ ಪೂರ್ಣ ಶುದ್ಧಿಯನ್ನು ಮುಗಿಸಿ, ಒಂದೆರಡು ಗಂಟೆ ನಡೆಯಿಸಿ ಪರೀಕ್ಷಿಸಿಡುವುದು ಲೇಸು. ಬೆಳೆಯ ಕಾಲದಲ್ಲಿ ತೊಟ್ಟಿಯ ಎಣ್ಣೆಯನ್ನು ದಿನವೂ ನೋಡಿ, ಕೆಸರು ಕಟ್ಟಿದಾಗ ಬದಲಾಯಿಸಿದರೆ ಸಾಕು.

ಗ್ರಾಮದ ಮುಖಂಡರಿಗೆ ಸೂಚನೆ

ಒಂದೇ ಗ್ರಾಮದಲ್ಲಿ ಹಲವು ಎಂಜಿನ್ನುಗಳಿರುವ ಕಡೆ, ಪ್ರತಿಯೊಬ್ಬರೂ ಎಲ್ಲ ಸಾಮಾನನ್ನೂ ಕೊಂಡಿಡುವುದು ಅನಾವಶ್ಯಕವು. ಮುಖಂಡರು ಪ್ರಯತ್ನಿಸಿದಲ್ಲಿ, ಟ್ಯಾಪೆಟ್ಟಿನ ಎಡೆಯನ್ನು ಅಳೆಯುವ ಗೇಜು, ಸ್ಪ್ಯಾನರುಗಳ ಒಂದು ಕಟ್ಟು, ಊರಿನಲ್ಲಿರುವ ಎಂಜಿನ್ನುಗಳಿಗೆ ಹೊಂದುವ ಗ್ಯಾಸ್ಕೆಟ್ಟುಗಳು ಮತ್ತು ಕಾಗದದ ಸೋಸುಗಗಳು, ಇಷ್ಟನ್ನು ಸಹಕಾರ ಸಂಘದಲ್ಲಿ ಇರಿಸಬಹುದು. ಊರಿನ ಇಬ್ಬರು ಯುವಕರಿಗೆ ಈ ಪತ್ರಿಕೆಯಲ್ಲಿ ಹೇಳಿದ ಪರೀಕ್ಷೆಗಳನ್ನು ಫಿಟ್ಟರನ ಎದುರಿನಲ್ಲಿ ಅಭ್ಯಾಸ ಮಾಡಿಸಿದರೆ, ಪೇಟೆಯ ದಾರಿಯನ್ನು ಕಾಯುವ ದಿವಸಗಳು ಉಳಿಯುವುವು. ಪ್ರತಿ ಎಂಜಿನ್ನಿಗೂ ಒಂದು ಸಣ್ಣ ಪುಸ್ತಕವನ್ನು ಇಟ್ಟು, ಯಾವ ದಿನ ಏನನ್ನು ಬಿಚ್ಚಿದರು, ಏನನ್ನು ಬದಲಾಯಿಸಿದರು ಎಂಬುದನ್ನು ಬರೆದಿಡುವುದು ಉತ್ತಮವು. ದೋಷವು ಕಂಡ ದಿನ ಆ ಪುಸ್ತಕದ ಕೊನೆಯ ಸಾಲನ್ನು ಓದಿದರೆ, ಎಲ್ಲಿಂದ ಹುಡುಕಬೇಕೆಂಬುದು ಅಲ್ಲಿಯೇ ತಿಳಿಯುವುದು.

ಸಾರಾಂಶ

ಶುದ್ಧಿಯ ತರುವಾಯ ಎಂಜಿನ್ನು ತಡವರಿಸಿದರೆ ನಿಲ್ಲಿಸಿ, ಹೊಗೆಯ ಬಣ್ಣವನ್ನು ನೆನಪಿಟ್ಟು, ಮುಟ್ಟಿದ ಜಾಗಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ನೋಡತಕ್ಕದ್ದು. ಒಂದು ಸಾರಿಗೆ ಒಂದೇ ಬದಲಾವಣೆಯನ್ನು ಮಾಡಿ, ಅದರ ಫಲವನ್ನು ಕಂಡ ಮೇಲೆ ಮುಂದಿನದಕ್ಕೆ ಹೋಗಬೇಕು. ಗವರ್ನರು, ಫ್ಯುಯಲ್ ಪಂಪು, ನಾಜಲು, ಈ ಮೂರನ್ನು ಶುದ್ಧಿಯ ಕಾಲದಲ್ಲಿ ಮುಟ್ಟಿರದಿದ್ದರೆ ಪರೀಕ್ಷೆಯ ಕಾಲದಲ್ಲಿಯೂ ಮುಟ್ಟಕೂಡದು. ಎಂಜಿನ್ನು ಸರಿಯಾಗಿ ಓಡತೊಡಗಿದ ಮೇಲೆಯೂ, ಸಂದುಗಳಿಗೆ ಸೋಪಿನ ನೊರೆಯನ್ನು ಹಚ್ಚಿ ನೋಡದೆ ಕೆಲಸವು ಮುಗಿಯಿತೆಂದು ತಿಳಿಯಕೂಡದು.